ಜಗಲಿಯಲ್ಲಿ ನೆಟ್ಟ ಕೈಮರ

ಬಂಡೆಯೊಳಗಿನ ಬಾದಾಮಿ,
ಫೆಬ್ರವರಿ ೩೦, ೨೪೬೧

ಹಿಂದಿನ ಕಾಲದ ಮಾನ್ಯರೇ,

ಬಲಗೈಯನ್ನು ಎದೆಯ ಮೇಲಿಟ್ಟು ಮೊದಲು ನನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಊರಿನ ಸ್ನಾನದ ಪಟ್ಟಿಯಲ್ಲಿ ನನ್ನ ಪಾಳಿ ಒಂಬತ್ತನೆಯ ದಿನಕ್ಕಿತ್ತು. ಅದನ್ನು ಮೊದಲನೆಯ ದಿನಕ್ಕೆ ತಂದುಕೊಂಡೆ. ಒಂದು ಸಲವಲ್ಲ, ನಾಲ್ಕು ಸಲ.

ತಾರೀಖು ನೋಡಿ ಗಾಬರಿಯಾಗಬೇಡಿ. ಹಿಂದೊಮ್ಮೆ ಯಾರೋ ಗುಮಾಸ್ತ ಫೆಬ್ರವರಿಗೆ ಮೂವತ್ತು ದಿನ ಬರೆದ. ನಮ್ಮ ಕಡತ ಹಂಚುವ ಯಂತ್ರ ಸರಿಜೋಡಿ ಆ ತಪ್ಪನ್ನು ಇಲ್ಲಿನ ಏಳೂ ಊರಿಗೆ ನಿಷ್ಠೆಯಿಂದ ಹಂಚಿತು. ಎಲ್ಲರ ಹತ್ತಿರವೂ ಅದೇ ತಪ್ಪು ಇದ್ದುದರಿಂದ ಅದು ಸರಿ ಎನಿಸಿಕೊಂಡಿತು. ನನ್ನ ಮಾತಿನ ವಿಚಿತ್ರಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಒಂದು ಮಿಕ್ಸರಿನ ಕೈಪಿಡಿಯಿಂದ ಮತ್ತು ಎರಡು ಮದುವೆಯ ಕರೆಯೋಲೆಗಳಿಂದ. ನಡುನಡುವೆ ಆಶೀರ್ವಾದವೇ ಉಡುಗೊರೆ ಎಂಬಂಥದ್ದು ನುಸುಳಿದರೆ ಮನ್ನಿಸಬೇಕು.

ಹೊರಗೆ ಬಿಸಿಲು ಬಾಳಗೊಡದ್ದರಿಂದ ನಾವು ಕೆಂಪು ಬಂಡೆಯನ್ನು ಕೊರೆದು ಒಳಗೆ ವಾಸವಾಗಿದ್ದೇವೆ. ರೊಟ್ಟಿಯನ್ನು ತಟ್ಟಿ ಹೊರಗಿನ ಹಾಸುಗಲ್ಲಿನ ಮೇಲೆ ಎಸೆದು ಓಡಿ ಬರುತ್ತೇವೆ. ಮಗುಚಲು ಹೋಗುವಷ್ಟರಲ್ಲಿ ಬೆಂದಿರುತ್ತದೆ. ಗಾಳಿಗುಂಡಿಯ ಬಾಯಿಗೆ ಒದ್ದೆ ಗೋಣಿ ಕಟ್ಟಿ, ಅದರ ಕೆಳಗೆ ಪಾಳಿಯ ಪ್ರಕಾರ ಕೂತು ತಂಪಾಗುತ್ತೇವೆ. ಯಾರ ಮನೆಗೂ ಬಾಗಿಲಿಲ್ಲ. ಬಾಗಿಲಿದ್ದರೆ ಗಾಳಿ ಬಾರದು. ಹೀಗಾಗಿ ಬೀಗ ಎಂಬ ಪದ ನಮಗೆ ಬೀಗರ ಮೂಲಕ ಮಾತ್ರ ಪರಿಚಯ.

ಸರಿಜೋಡಿ ಎಂದರೆ ಏಳು ಊರಿನ ಕಡತಗಳನ್ನು ಒಂದೇ ಸಮ ಇಡುವ ಯಂತ್ರಬುದ್ಧಿ. ಇಲ್ಲಿ ಬರೆದದ್ದು ಅಲ್ಲಿಯೂ ಮೂಡುತ್ತದೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಅದರ ಮುಂದೆ ‘ಜಗಲಿ’ ಎಂಬ ಜಾಗವಿದೆ. ಊರಿನ ಯಾರು ಬೇಕಾದರೂ ಅಲ್ಲಿ ಕಡತವನ್ನು ತಂದಿಡಬಹುದು. ದಿನಕ್ಕೊಮ್ಮೆ ಸರಿಜೋಡಿ ಜಗಲಿಯನ್ನು ಗುಡಿಸುತ್ತದೆ, ಅಂದರೆ ಅಲ್ಲಿರುವ ಕಡತಗಳನ್ನು ಅಳಿಸುತ್ತದೆ. ಗುಡಿಸುವಾಗ, ನಿಮ್ಮ ಕಾಲದ ಮಾತಿನಲ್ಲಿ ಹೇಳುವುದಾದರೆ, ಅದರ ಸೊಂಟದಲ್ಲಿ ಯಜಮಾನನ ಎಲ್ಲ ಬೀಗದ ಕೈಗಳೂ ಇರುತ್ತವೆ; ಯಾವ ಕಡತವನ್ನೂ ಮುಟ್ಟಬಲ್ಲದು. ಆ ಜಗಲಿಯಲ್ಲಿ ಕಡತದ ಬದಲು ಒಂದು ಕೈಮರ ನೆಟ್ಟರೆ, ಅಂದರೆ ‘ದಾರಿ ಈ ಕಡೆ’ ಎಂಬ ಗುರುತಿಟ್ಟರೆ, ಅದು ತನ್ನ ಪೊರಕೆಯೊಂದಿಗೆ ಆ ಕಡೆಗೇ ಹೋಗಿ ಅಲ್ಲಿರುವುದನ್ನೂ ಗುಡಿಸಿಬಿಡುತ್ತದೆ. ಕೈಮರ ನೆಟ್ಟವನಿಗೆ ಅಲ್ಲಿ ಕಾಲಿಡುವ ಹಕ್ಕಿದೆಯೇ ಎಂದು ಕೇಳುವುದಿಲ್ಲ. ನಾನು ಸ್ನಾನದ ಪಟ್ಟಿಯ ಕಡೆಗೆ ಒಂದನ್ನು ನೆಟ್ಟೆ. ಪಟ್ಟಿ ಮಾಯವಾಯಿತು. ಹೊಸ ಪಟ್ಟಿಗೆ ಟವೆಲ್ಲು ಹಿಡಿದು ಮೊದಲು ನಿಂತವನು ನಾನೇ.

ನಾಲ್ಕನೆಯ ಸ್ನಾನದ ನಂತರ ಮೈಯ ಜೊತೆ ಮನಸ್ಸಾಕ್ಷಿಯೂ ಶುಭ್ರವಾಗಿ, ನಾನು ದಾಖಲೆ ಕಚೇರಿಯವನೆಂಬ ನೆನಪು ಬಂತು. ಜಗಲಿಯ ಈ ದೋಷದ ಬಗ್ಗೆ ಹೆಸರು ಹಾಕದೆ ವರದಿ ಬರೆದೆ. ಊರಿನ ಮುಖ್ಯಸ್ಥ ಕಾಡಪ್ಪನವರು ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಮಡಚಿ, ಬೀಸಣಿಗೆ ಮಾಡಿಕೊಂಡರು.

"ಊರ ಒಳಗಿದ್ದವ್ರಷ್ಟ ಇದನ್ನ ಮಾಡಬಹುದು ಅಂತ ಬರದೈತಿ. ಒಳಗಿನವ್ರು ಯಾರ್ರೀ? ನಾವ ಅಲ್ಲೇನು? ಹೊರಗಿನ ಮಂದಿ ಬಂದ್ರ ಹೇಳ್ರಿ, ನೋಡೂಣು."

ಸಭೆ ನಕ್ಕಿತು. ನಕ್ಕರೂ ಎಲ್ಲರೂ ಕಿವಿಗೊಟ್ಟು ಕೇಳಿದ್ದರು. ನನ್ನ ಎಚ್ಚರಿಕೆಯನ್ನು ಅಡುಗೆ ಪುಸ್ತಕದಂತೆ ಕೇಳಿಸಿಕೊಂಡಿದ್ದರು. ಮರುದಿನದಿಂದ ಜಗಲಿಯ ತುಂಬ ಕೈಮರಗಳು. ಒಬ್ಬನ ಗೊರಕೆಯ ಮೇಲಿದ್ದ ದೂರು ಮಾಯ, ಒಬ್ಬಳ ವಯಸ್ಸಿನ ದಾಖಲೆ ಮಾಯ. ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಚಿಕ್ಕಚಿಕ್ಕ ಆಸೆ. ಹದಿನೇಳನೆಯ ದಿನ ಯಾರೋ ಒಂದು ಹಾಳೆಯ ಕಡೆಗೆ ನೆಡಬೇಕಾದ ಕೈಮರವನ್ನು ಇಡೀ ಕಪಾಟಿನ ಕಡೆಗೆ ನೆಟ್ಟರು. ಆ ಕಪಾಟಿನಲ್ಲಿ ಒರತೆಗಳ ನಕಾಶೆಯಿತ್ತು. ಸರಿಜೋಡಿ ಅದನ್ನು ಗುಡಿಸಿತು, ಉಳಿದ ಆರು ಊರುಗಳಿಗೆ ಸುದ್ದಿ ಮುಟ್ಟಿಸಿ ಅಲ್ಲಿಯೂ ಗುಡಿಸಿತು. ಪಾಳಿಗಾಗಿ ಊರೇ ಪಾಳು.

ಆ ನಕಾಶೆ ಕಲ್ಲವ್ವಕ್ಕನದು. ಅಕ್ಕ ನಲವತ್ತು ವರ್ಷ ಬಂಡೆಗೆ ಕಿವಿ ಹಚ್ಚಿ, ಎಲ್ಲಿ ಎಷ್ಟು ಆಳದಲ್ಲಿ ನೀರಿದೆ ಎಂದು ಇನ್ನೂರ ಹದಿನಾಲ್ಕು ಒರತೆಗಳನ್ನು ಗುರುತಿಸಿದ್ದಳು. ಈಗ ಅವಳಿಗೆ ಕಿವಿ ಮಂದ. ನೆನಪಿರುವುದು ಮೊದಮೊದಲು ಹುಡುಕಿದವು ಮಾತ್ರ, ಅವೆಲ್ಲ ಬತ್ತಿವೆ. ಸುದ್ದಿ ಹೇಳಲು ಹೋದಾಗ ಅವಳು ಅಳಲಿಲ್ಲ.

"ಏಳು ಕಡೆ ಐತಿ, ಇನ್ನ ನಿನ್ನ ವಹಿ ಯಾಕ ಅಂತ ನನ್ನ ಹಾಳಿ ಎಲ್ಲಾ ರದ್ದಿಗೆ ಹಾಕಿದ್ರಿ. ಏಳೂ ಒಂದಾ ಆಗಿದ್ದವಲ್ಲೋ ತಮ್ಮಾ. ಒಂದಾ ಇತ್ತಂದ್ರ ಒಂದು ಅಂತ ಹೇಳಬೇಕಿತ್ತಪಾ."

ಇದಕ್ಕಿಂತ ದೊಡ್ಡ ಎಚ್ಚರಿಕೆ ನನ್ನಲ್ಲಿಲ್ಲ. ಒಂದೇ ದಾರಕ್ಕೆ ಕಟ್ಟಿದ ಏಳು ಪ್ರತಿಗಳನ್ನು ಏಳೆಂದು ಎಣಿಸಬೇಡಿ. ದಾರವಿಲ್ಲದ ಒಂದನ್ನಾದರೂ ಬೇರೆ ಇಡಿ.

ತೊಟ್ಟಿಯಲ್ಲಿ ಇನ್ನು ಇಪ್ಪತ್ತೆರಡು ದಿನದ ನೀರಿದೆ. ಬಂಡೆ ಕೊರೆಯುವ ಬೈರಿಗೆಗೆ ಉಳಿದಿರುವುದು ಮೂರೇ ಅಲಗು, ಮೂರೇ ತೂತು. ಆದರೆ ಊರು ಇನ್ನೂ ಎದ್ದು ಹೋಗಿಲ್ಲ, ಅದಕ್ಕೆ ಕಾರಣ ಈ ಶೇಖಪ್ಪ. ವರ್ಷಕ್ಕೊಮ್ಮೆ ಆ ನಕಾಶೆಯನ್ನು ತಾಳೆ ನೋಡುತ್ತಿದ್ದವನು ನಾನು. ಕಾಲೇಜಿನಲ್ಲಿ ನೆನಪಿನ ಸ್ಪರ್ಧೆಯಲ್ಲಿ ಪದಕ ಪಡೆದವನು. ಆ ದಿನ ಅಕ್ಕನ ಕಾಲ ಬಳಿ ಕೂತು, "ಚಿಂತಿ ಬ್ಯಾಡಕ್ಕಾ, ಎಲ್ಲಾ ನನ್ನ ತಲಿಯಾಗೈತಿ" ಎಂದೆ. ಮೂರು ವಾರ ಸಭೆಯ ಮುಂದೆ ಒಂದೊಂದೇ ಒರತೆಯನ್ನು ಒಪ್ಪಿಸಿದೆ. ನಿನ್ನೆಗೆ ಇನ್ನೂರ ಹದಿನಾಲ್ಕೂ ಮುಗಿದವು. ಹೆಂಗಸರು ಆರತಿ ಎತ್ತಿದರು. ಕಾಡಪ್ಪನವರು ಎದ್ದು ನಿಂತು ನನ್ನನ್ನು ನಡೆದಾಡುವ ನಕಾಶೆ ಎಂದರು.

ನಿಮ್ಮಲ್ಲಿ ಒಂದೇ ಬೇಡಿಕೆ. ಬಾದಾಮಿಯ ಸುತ್ತ ನಿಮ್ಮ ಕಾಲದಲ್ಲಿ ಬೇಸಿಗೆಗೂ ಬತ್ತದ ಬಾವಿಗಳಿದ್ದರೆ, ಅವುಗಳ ಜಾಗ ಮತ್ತು ಆಳವನ್ನು ದೊಡ್ಡ ಬಂಡೆಯ ದಕ್ಷಿಣದ ಮುಖಕ್ಕೆ ಕೆತ್ತಿಸಿ. ಕಲ್ಲಿನ ಮೇಲೆ, ಆಳವಾಗಿ, ಇವತ್ತೇ. ನೀವು ಕೆತ್ತಿದರೆ ನಾಳೆ ಬೆಳಿಗ್ಗೆ ಅದು ಅಲ್ಲಿರುತ್ತದೆ. ಬೈರಿಗೆ ಹೊರಡುವ ಮುಂಚೆ ನಾನು ಹೋಗಿ ನೋಡುತ್ತೇನೆ.

ಏಕೆಂದರೆ ನನಗೆ ನಿಜವಾಗಿ ನೆನಪಿದ್ದವು ಹನ್ನೊಂದು, ಅವೂ ಅಕ್ಕ ಹೇಳಿದ ಆ ಬತ್ತಿದವುಗಳೇ. ಹನ್ನೆರಡನೆಯದಕ್ಕೆ ತಡವರಿಸಿದಾಗ ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ಏನೋ ಒಂದು ಹೇಳಿದೆ, ಅವಳು ತಲೆದೂಗಿದಳು. ಆಮೇಲೆ ನಿಲ್ಲಿಸಲಾಗಲಿಲ್ಲ. ನಾಳೆ ಮೊದಲ ಅಲಗು ಇಳಿಯುವುದು ನೂರ ಎಪ್ಪತ್ತಮೂರನೆಯ ಒರತೆಗೆ. ಅದರ ಆಳ ಅರವತ್ತೆಂಟು ಮೊಳ ಎಂದು ಹೇಳಿದ್ದೇನೆ. ಅರವತ್ತೆಂಟು ನನ್ನ ತೂಕ.

ನಿಮ್ಮವ,
ಶೇಖಪ್ಪ
ದಾಖಲೆ ಕಚೇರಿ