ಗ್ಲೋಬಿನ ಮೇಲೆ ಅಪ್ಪನ ಟೇಪು

ಅಪ್ಪಾ,

ನೀನು ಹೋಗಿ ಆರು ವರ್ಷ. ಈ ಕಾಗದ ಯಾವ ವಿಮಾನದಲ್ಲಿ ಹಾಕಿದರೂ ನಿನಗೆ ತಲುಪದು. ಆದರೂ ಹೇಳದೆ ಇರಲಾರೆ.

ಇವತ್ತು ಮೊದಲ ಸಲ ವಿಮಾನ ಹತ್ತಿದೆ. ಹನ್ನೆರಡು ಸಾವಿರ ಕಿಲೋಮೀಟರು, ಹದಿನಾಲ್ಕು ಗಂಟೆ. ಎದುರು ಸೀಟಿನ ಬೆನ್ನಿಗಿದ್ದ ಪರದೆಯ ನಕ್ಷೆಯಲ್ಲಿ ನಮ್ಮ ದಾರಿ ನೆಟ್ಟಗೆ ಪೂರ್ವಕ್ಕೆ ಹೋಗದೆ, ಉತ್ತರಕ್ಕೆ ಬಿಲ್ಲಿನಂತೆ ಬಾಗಿತ್ತು. ದಾರಿ ತಪ್ಪಿತೇ ಎಂದು ಗಗನಸಖಿಯನ್ನು ಕೇಳಿಯೇಬಿಟ್ಟೆ.

"ಇಲ್ಲ ಮೇಡಂ, ಹೀಗೆ ಹೋದ್ರೇನೇ ಹತ್ತಿರ" ಎಂದು ನಕ್ಕಳು.

ಕೆಳಗೆ ಕಣ್ಣು ಹಾಯುವಷ್ಟು ದೂರವೂ ಹಿಮ. ಕತ್ತರಿ ತಾಗದ ಬಿಳಿ ಬಟ್ಟೆಯ ಥಾನನ್ನು ಯಾರೋ ಬಿಚ್ಚಿ ಹಾಸಿದಂತೆ.

ನನ್ನ ಭೂಗೋಳ ಪರೀಕ್ಷೆಯ ಹಿಂದಿನ ದಿನ ನೀನು ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದು, ಕೊರಳಲ್ಲಿದ್ದ ಟೇಪನ್ನು ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ಹೀಗೇ ಬಾಗಿಸಿ ಹಿಡಿದಿದ್ದೆ. "ಬಟ್ಟೆ ಚಪ್ಪಟೆ, ಮೈ ಗುಂಡಗೆ ಕಣೇ. ಅಳತೆ ಮೈ ಮೇಲೇ ತಗೋಬೇಕು" ಅಂದೆ. ನಾನು ನಕ್ಷೆಗೆ ಸ್ಕೇಲಿಟ್ಟು ನೇರ ಗೆರೆ ಎಳೆದು, ಗೆಳತಿಯರ ಎದುರೇ, "ನಿಂಗೇನಪ್ಪಾ ಗೊತ್ತು, ಹೋಗಿ ಗುಂಡಿ ಹಚ್ಚು" ಅಂದೆ. ನೀನು ಹೋಗಿ ಗುಂಡಿ ಹಚ್ಚಿದೆ.

ಹದಿನಾಲ್ಕು ಗಂಟೆಯೂ ವಿಮಾನ ನಿನ್ನ ಟೇಪಿನ ಮೇಲೇ ಹಾರಿತು, ಅಪ್ಪಾ. ಒಂದಿಂಚೂ ಆಚೀಚೆ ಆಗಲಿಲ್ಲ.