ಟವೆಲ್ ಎತ್ತಿಸಿದ ದಿನ

ಜೂನ್ ೧೨, ಗುರುವಾರ

ಜಿಮ್ಮಿನ ಬೆಂಚಿನ ಮೇಲೆ ಇವತ್ತೂ ಅದೇ ಟವೆಲ್! ಅದರ ಧಣಿ, ನಾನು ಮನಸ್ಸಿನಲ್ಲೇ ಬಂಡೆ ಎಂದು ಕರೆಯುವವನು, ಕನ್ನಡಿ ಮುಂದೆ ಫೋನಿನಲ್ಲಿ ಹರಟುತ್ತಿದ್ದ. ದಿನವೂ ಹಲ್ಲು ಕಚ್ಚಿ ಕಾಯುವ ನಾನು ಇವತ್ತು ಕೇಳಿಯೇಬಿಟ್ಟೆ: “ವ್ಯಾಯಾಮ ಮಾಡೋದು ನೀವಾ, ನಿಮ್ಮ ಟವೆಲ್ಲಾ?”

ಎಲ್ಲರೂ ಗೊಳ್ಳೆಂದರು. ಬಂಡೆ ನಾಲಿಗೆ ಕಚ್ಚಿಕೊಂಡು ಟವೆಲ್ ಎತ್ತಿದ. “ಬನ್ನಿ ಅಕ್ಕ, ಸರದಿ ಮೇಲೆ ಮಾಡೋಣ.” ನನ್ನ ಸರದಿ ಬಂದಾಗಲೆಲ್ಲ ತನ್ನ ಭಾರದ ಪ್ಲೇಟುಗಳನ್ನು ತಾನೇ ಕಳಚಿಟ್ಟ.

ಕೊನೆಗೆ ಬೆಂಚಿನ ಮೇಲೆ, ಪ್ಲೇಟು ತುಂಬಿದ ರಾಡಿನ ಕೆಳಗೆ ಮಲಗಿ, “ಅಕ್ಕ, ತಲೆ ಹತ್ರ ನಿಂತ್ಕೊಳ್ಳಿ. ಕೈ ಸೋತ್ರೆ ನೀವೇ ಹಿಡೀಬೇಕು” ಎಂದ.

ನಾನು! ಆ ಭಾರದ ಅರ್ಧವನ್ನೂ ನಾನು ಎತ್ತಲಾರೆ ಅಂತ ಅವನಿಗೂ ಗೊತ್ತು. ಆದರೂ ನನ್ನನ್ನೇ ಕರೆದ. ಉಸಿರು ಬಿಗಿಹಿಡಿದು ಕೈಚಾಚಿ ನಿಂತೆ. ಎತ್ತಿದವನು ಅವನು, ಬೆವರಿದವಳು ನಾನು.

ರಾತ್ರಿಯಾಯಿತು, ಮಲಗಬೇಕು. ಆದರೆ ಈ ಕೈಗಳು ಇನ್ನೂ ಆ ರಾಡಿನ ಕೆಳಗೇ...