ವಾಪಸು ಕೊಟ್ಟ ಹಾಲು

ಜೂನ್ ೧೨, ಬುಧವಾರ

ನಮ್ಮ ಹಾಲು ಸಂಗ್ರಹ ಕೇಂದ್ರದಲ್ಲಿ ಮುದುಕಿ ಕರ್ವಿತಾಳ ಹಾಲು ಇವತ್ತೂ ಪರೀಕ್ಷೆಯಲ್ಲಿ ಫೇಲಾಯಿತು. ಹಾಲಿಗೆ ಅದ್ದಿದ ಪರೀಕ್ಷಾ ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡಲಿಲ್ಲ, ಎಂದರೆ ಬೂಷ್ಟಿನ ವಿಷ ಇದೆ. ನೈರೋಬಿಗೆ ಹೋಗುವ ಟ್ಯಾಂಕರಿಗೆ ಸುರಿಯದೆ ಕ್ಯಾನನ್ನು ಅವಳ ಕೈಗೇ ವಾಪಸು ಕೊಟ್ಟೆ.

“ಹಸೂಗೆ ಏನಮ್ಮಾ ಹಾಕ್ತಿದ್ದೀಯ?”

“ಬೂಷ್ಟು ಹಿಡಿದ ಮೆಕ್ಕೆಜೋಳ. ಮೊಮ್ಮಕ್ಕಳು ತಿನ್ನೋ ಉಗಾಲಿ ಮುದ್ದೆಗೆ ಅಂಥ ಒಂದು ಕಾಳೂ ಬೀಳಬಾರ್ದು ಅಂತ ಆರಿಸಿ ಆರಿಸಿ ಹಸೂಗೆ ಹಾಕ್ತೀನಿ.”

ಆ ವಿಷ ಹಾಲಿಗೇ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ, ಚೆಲ್ಲಿಬಿಡು ಎಂದೆ. ಆಗಲಿ ಎಂದು ತಲೆಯಾಡಿಸಿದಳು.

ಸಂಜೆ ಅವಳ ಮನೆಯ ಮುಂದೆ ಹಾದುಬಂದೆ. ಮೊಮ್ಮಕ್ಕಳು ಮೂವರೂ ದೊಡ್ಡ ಲೋಟಗಳಲ್ಲಿ ಹಾಲು ಕುಡಿಯುತ್ತಿದ್ದರು.

“ಹಾಲನ್ನ ಮಣ್ಣಿಗೆ ಸುರಿಯೋಕೆ ಮನಸ್ಸು ಬರತ್ತಾ ಮಗಳೇ? ನೀನು ಬೇಡ ಅಂದಿದ್ದೇ ಒಳ್ಳೇದಾಯ್ತು. ಮಾರೋ ದಿನ ಇವರಿಗೆ ಚಹಾಕ್ಕೂ ಉಳಿಯಲ್ಲ.”

ನಾಳೆ ಬೆಳಿಗ್ಗೆ ಅವಳು ಮತ್ತೆ ಕ್ಯಾನ್ ಹೊತ್ತು ಬರುತ್ತಾಳೆ. ನಾನು ಮತ್ತೆ ವಾಪಸು ಕೊಡುತ್ತೇನೆ. ಮಕ್ಕಳು ಬಾಗಿಲಲ್ಲೇ ಕಾದಿರುತ್ತಾರೆ.